ಹಳೇ ಬೈಕಿಗೆ ಮಿನರಲ್ಲೋ ಸಿಂಥೆಟಿಕ್ಕೋ: ಡಬ್ಬದ ಹಿಂಬದಿ ಓದಿ ಆಯಿಲ್ ಆರಿಸುವುದು

ಆಯಿಲ್ ಡಬ್ಬದ ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿ 'ಫುಲ್ಲಿ ಸಿಂಥೆಟಿಕ್' ಎಂದಿರುತ್ತದೆ. ಹಳೇ ಎಂಜಿನ್‌ಗೆ ಬೇಕಾದ ವಿಷಯ ಇರುವುದು ಹಿಂಬದಿಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಸಣ್ಣಕ್ಷರದಲ್ಲಿ. ಅಲ್ಲಿ ನೋಡಬೇಕಾದ್ದು ಮೂರು: ಗ್ರೇಡ್ (ಆಯಿಲ್ ಎಷ್ಟು ಮಂದ ಅನ್ನುವ ಅಂಕಿ), ಜಾಸೊ ದರ್ಜೆ (ಬೈಕಿನ ಕ್ಲಚ್‌ಗೆ ಹೊಂದುತ್ತದೆಯೇ ಎಂದು ಹೇಳುವ ಜಪಾನಿನ ಮಾನದಂಡ), ಎಪಿಐ ದರ್ಜೆ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ಗುಣಮಟ್ಟದ ದರ್ಜೆ). ಈ ಮೂರೂ ಗಾಡಿಗೆ ಹೊಂದಿದರೆ ಸಾದಾ ಮಿನರಲ್ ಆಯಿಲ್‌ನಲ್ಲೂ ಎಂಜಿನ್ ಹಾಯಾಗಿ ಓಡುತ್ತದೆ. ಹೊಂದದಿದ್ದರೆ ಎಷ್ಟೇ ದುಬಾರಿ ಸಿಂಥೆಟಿಕ್ ಸುರಿದರೂ ಕ್ಲಚ್ ಜಾರುತ್ತದೆ, ಇಲ್ಲವೇ ಬಿಸಿಯಾದ ಮೇಲೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಕಟಕಟ ಶುರುವಾಗುತ್ತದೆ.

ಇಲ್ಲಿ ಹಳೇ ಬೈಕು ಅಂದರೆ ಕಾರ್ಬ್ಯುರೇಟರ್ ಇರುವ, ಗಾಳಿಯಿಂದಲೇ ತಣ್ಣಗಾಗುವ, ಇಪ್ಪತ್ತು ಮೂವತ್ತು ವರ್ಷ ದಾಟಿದ ಫೋರ್ ಸ್ಟ್ರೋಕ್ ಗಾಡಿ. ಇಂಥ ಬಹುಪಾಲು ಗಾಡಿಗಳಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಟೂ ಸ್ಟ್ರೋಕ್ ಲೆಕ್ಕ ಬೇರೆ. ಅಲ್ಲಿ ಗೇರ್‌ಬಾಕ್ಸ್ ಆಯಿಲ್‌ಗೆ ಪೆಟ್ರೋಲ್ ಉರಿಯುವ ಜಾಗದ ಮಸಿ ತಾಗುವುದೇ ಇಲ್ಲ, ಮ್ಯಾನುಯಲ್ ಹೇಳಿದ ಗ್ರೇಡಿನ ಮಿನರಲ್ ಸಾಕು. ಸಿಂಥೆಟಿಕ್ ಆಸೆ ಇದ್ದರೆ ಪೆಟ್ರೋಲಿಗೆ ಬೆರೆಯುವ 2ಟಿ ಆಯಿಲ್‌ನಲ್ಲಿ ತೀರಿಸಿಕೊಳ್ಳಿ. ಹೊಗೆಯೂ ಸೈಲೆನ್ಸರ್ ಮಸಿಯೂ ಕಡಿಮೆಯಾಗುತ್ತದೆ.

'ಸಿಂಥೆಟಿಕ್ ತೆಳು' ಅನ್ನುವ ಮಾತು

'ಸಿಂಥೆಟಿಕ್ ತುಂಬಾ ತೆಳು, ಹಳೇ ಗಾಡಿಗೆ ಆಗಿಬರಲ್ಲ' ಅನ್ನುವುದು ಗ್ಯಾರೇಜುಗಳಲ್ಲಿ ಬೇರುಬಿಟ್ಟ ಮಾತು. ಇದರಲ್ಲಿ ಅರ್ಧ ನಿಜ, ಅರ್ಧ ಗೊಂದಲ.

20ಡಬ್ಲ್ಯೂ-50 ಅನ್ನುವುದರ ಕೊನೆಯ 50, ಬಿಸಿಯಾದಾಗ ಆಯಿಲ್ ಎಷ್ಟು ಮಂದವಾಗಿರಬೇಕು ಅನ್ನುವುದರ ಗುರುತು. ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇಯ ಜೆ300 ಮಾನದಂಡದ ಪ್ರಕಾರ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 50 ಗ್ರೇಡ್ ಆಯಿಲ್ 16.3ರಿಂದ 21.9 ಸೆಂಟಿಸ್ಟೋಕ್ಸ್ (ಮಂದತೆಯ ಅಳತೆ) ನಡುವೆ ಇರಬೇಕು. 40 ಆದರೆ 12.5ರಿಂದ 16.3. 30 ಆದರೆ 9.3ರಿಂದ 12.5. ಮಿನರಲ್ಲೋ ಸಿಂಥೆಟಿಕ್ಕೋ ಎಂದು ಈ ಅಳತೆ ಕೇಳುವುದಿಲ್ಲ. ಹಾಗಾಗಿ ಬಿಸಿ ಎಂಜಿನ್‌ನೊಳಗೆ 20ಡಬ್ಲ್ಯೂ-50 ಮಿನರಲ್ಲೂ 20ಡಬ್ಲ್ಯೂ-50 ಸಿಂಥೆಟಿಕ್ಕೂ ಒಂದೇ ಅಳತೆಯ ಒಳಗಿರುತ್ತವೆ.

ಮತ್ತೆ ತೆಳು ಎಂಬ ಹೆಸರು ಬಂದದ್ದು ಹೇಗೆ? ಸಿಂಥೆಟಿಕ್ ಡಬ್ಬಗಳು ಸಾಮಾನ್ಯವಾಗಿ 5ಡಬ್ಲ್ಯೂ-40, 10ಡಬ್ಲ್ಯೂ-40, 10ಡಬ್ಲ್ಯೂ-30 ಗ್ರೇಡುಗಳಲ್ಲೇ ಸಿಗುತ್ತವೆ. ಇಷ್ಟು ದಿನ 20ಡಬ್ಲ್ಯೂ-50 ಮಿನರಲ್ ಕುಡಿದ ಎಂಜಿನ್‌ಗೆ ಒಮ್ಮೆಲೇ 10ಡಬ್ಲ್ಯೂ-40 ಸಿಂಥೆಟಿಕ್ ಹಾಕುತ್ತಾರೆ. ಬದಲಾದದ್ದು ಎರಡು, ಆಯಿಲ್‌ನ ಜಾತಿ ಮತ್ತು ಗ್ರೇಡ್. ಎಂಜಿನ್ ಸದ್ದು ಹೆಚ್ಚಾದರೆ ಅದಕ್ಕೆ ಕಾರಣ ಗ್ರೇಡ್. ಬೈಸಿಕೊಳ್ಳುವುದು ಮಾತ್ರ ಸಿಂಥೆಟಿಕ್. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಮೊದಲ ಅಂಕಿ, ಅಂದರೆ 20ಡಬ್ಲ್ಯೂ, ಚಳಿಯಲ್ಲಿ ಎಂಜಿನ್ ಎಷ್ಟು ಸಲೀಸಾಗಿ ತಿರುಗುತ್ತದೆ ಅನ್ನುವ ಪರೀಕ್ಷೆಯದು. 20ಡಬ್ಲ್ಯೂಗೆ ಆ ಪರೀಕ್ಷೆ ಮೈನಸ್ 15 ಡಿಗ್ರಿಯಲ್ಲಿ, 15ಡಬ್ಲ್ಯೂಗೆ ಮೈನಸ್ 20ರಲ್ಲಿ, 10ಡಬ್ಲ್ಯೂಗೆ ಮೈನಸ್ 25ರಲ್ಲಿ. ಅಂಥ ಚಳಿ ಇಲ್ಲದ ಕಡೆ ಈ ಅಂಕಿ ಪೂರ್ತಿ ವ್ಯರ್ಥ ಅನ್ನುವಂತಿಲ್ಲ. ರಾತ್ರಿಯೆಲ್ಲ ನಿಂತ ಎಂಜಿನ್‌ನ ಮೇಲ್ಭಾಗದ ರಾಕರ್‌ವರೆಗೆ (ವಾಲ್ವ್ ಒತ್ತುವ ತೋಳು) ಆಯಿಲ್ ಏರಲು 10ಡಬ್ಲ್ಯೂ-50ಗೆ ಹಿಡಿಯುವ ಸಮಯ 20ಡಬ್ಲ್ಯೂ-50ಗಿಂತ ಕಡಿಮೆ. ಸ್ಟಾರ್ಟ್ ಮಾಡಿದ ಕೂಡಲೇ ಆ್ಯಕ್ಸಿಲರೇಟರ್ ತಿರುವುವ ಅಭ್ಯಾಸ ಇದ್ದವರ ಗಾಡಿಯಲ್ಲಿ ಕ್ಯಾಮ್ (ರಾಕರ್ ಆಡಿಸುವ ಉಬ್ಬು ದಂಡ) ಸವೆಯುವುದು ಈ ಮೊದಲ ಕೆಲವು ಸೆಕೆಂಡುಗಳಲ್ಲೇ.

ಹಳೇ ಎಂಜಿನ್‌ನ ಬೋರ್, ಬುಷ್, ಬೇರಿಂಗ್‌ಗಳಲ್ಲಿ ಸಂದು ಹೊಸ ಎಂಜಿನ್‌ಗಿಂತ ಹೆಚ್ಚು. ಕೆಲವದರಲ್ಲಿ ತಯಾರಿಯಲ್ಲೇ ಹೆಚ್ಚು, ಕೆಲವದರಲ್ಲಿ ಸವೆದು ಹೆಚ್ಚಾದದ್ದು. ಆದ್ದರಿಂದ ಮೊದಲ ನಿಯಮ: ಮ್ಯಾನುಯಲ್ ಹೇಳಿದ ಎರಡನೇ ಅಂಕಿಯಿಂದ ಕೆಳಗಿಳಿಯಬೇಡಿ. 50 ಇದ್ದರೆ 50, 40 ಇದ್ದರೆ 40. ಮೊದಲ ಅಂಕಿ ಕಡಿಮೆಯಾದರೆ ತೊಂದರೆಯಿಲ್ಲ. ಮ್ಯಾನುಯಲ್‌ನಲ್ಲಿ 10ಡಬ್ಲ್ಯೂ-30 ಇರುವ ಸಣ್ಣ ಗಾಡಿಗೆ 'ಮಂದ ಇದ್ದಷ್ಟೂ ಒಳ್ಳೆಯದು' ಎಂದು 20ಡಬ್ಲ್ಯೂ-50 ಸುರಿಯುವುದೂ ತಪ್ಪು. ತಣ್ಣಗಿರುವಾಗ ಕ್ಲಚ್ ಪ್ಲೇಟುಗಳು ಅಂಟಿಕೊಂಡು ಒಂದನೇ ಗೇರ್ ಹಾಕಿದಾಗ ಗಾಡಿ ಮುಂದಕ್ಕೆ ಜಿಗಿಯುತ್ತದೆ, ಮೇಲಿನ ಸಣ್ಣ ಆಯಿಲ್ ದಾರಿಗಳಲ್ಲಿ ಹರಿವು ತಡವಾಗುತ್ತದೆ.

ಸಿಂಥೆಟಿಕ್ ಅಂದರೆ ಯಾವುದು

ಮಿನರಲ್ ಆಯಿಲ್‌ನ ಬುನಾದಿ ಕಚ್ಚಾತೈಲದಿಂದ ಶುದ್ಧ ಮಾಡಿ ತೆಗೆದದ್ದು: ಎಪಿಐ ವಿಂಗಡಣೆಯಲ್ಲಿ ಗ್ರೂಪ್ 1 ಮತ್ತು 2. ಗ್ರೂಪ್ 3 ಕೂಡ ಕಚ್ಚಾತೈಲದ್ದೇ, ಆದರೆ ಹೈಡ್ರೋಜನ್ ಒತ್ತಡದಲ್ಲಿ ಅಣುಗಳನ್ನು ಒಡೆದು ಕಟ್ಟಿದ್ದು. ಗ್ರೂಪ್ 4 ಅಂದರೆ ಪಿಎಒ, ರಾಸಾಯನಿಕವಾಗಿಯೇ ತಯಾರಿಸಿದ್ದು. ಎಸ್ಟರ್‌ಗಳು, ಅವೂ ರಾಸಾಯನಿಕವಾಗಿ ತಯಾರಿಸಿದವೇ, ಗ್ರೂಪ್ 5ರಲ್ಲಿ ಬರುತ್ತವೆ. ಗ್ರೂಪ್ 3ನ್ನು ಸಿಂಥೆಟಿಕ್ ಅನ್ನಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಅಮೆರಿಕದಲ್ಲಿ ಜಗಳವಾಗಿ, 1999ರಲ್ಲಿ ಅಲ್ಲಿನ ಜಾಹೀರಾತು ವಿವಾದ ಮಂಡಳಿ ಅನ್ನಬಹುದು ಎಂದು ತೀರ್ಪಿತ್ತಿತು. ಅಂದಿನಿಂದ ಸಿಂಥೆಟಿಕ್ ಎಂಬ ಪದ ಬಹಳ ಕಡೆ ಮಾರಾಟದ ಪದ. 'ಸೆಮಿ ಸಿಂಥೆಟಿಕ್' ಇನ್ನೂ ಸಡಿಲ. ಎಷ್ಟು ಪಾಲು ಬೆರೆಸಬೇಕು ಎಂಬ ಕಟ್ಟುಪಾಡೇ ಇಲ್ಲ. ಹೆಸರಿಗೆ ಒಂದು ಸೌಟು ಬಿದ್ದರೂ ಸೆಮಿಯೇ. ಡಬ್ಬದ ಮೇಲೆ ಪಿಎಒ ಅಥವಾ ಎಸ್ಟರ್ ಎಂದು ಸ್ಪಷ್ಟವಾಗಿ ಹೇಳಿದ್ದರೆ ಅದಕ್ಕೆ ತೂಕವಿದೆ.

ಕ್ಲಚ್ ಜಾರುವುದು ಯಾತಕ್ಕೆ

ಹೊಸ ಕಾರು ಆಯಿಲ್‌ಗಳಲ್ಲಿ ಪೆಟ್ರೋಲ್ ಉಳಿಸಲೆಂದು ಉಜ್ಜುವಿಕೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿನ ಕ್ಲಚ್ ಒಣಗಿದ್ದು, ಆಯಿಲ್ ತಾಗುವುದಿಲ್ಲ. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಆ ರಾಸಾಯನಿಕ ಕ್ಲಚ್‌ನ ಕಾರ್ಕ್ ಪ್ಲೇಟಿನ (ಉಜ್ಜಿ ಹಿಡಿಯುವ ಪ್ಲೇಟು) ಮೈಗೆ ಹಿಡಿದರೆ ಹಿಡಿತ ಹೋಯಿತು. ಇದಕ್ಕಾಗಿಯೇ ಜಪಾನಿನಲ್ಲಿ 1998ರಲ್ಲಿ ಜಾಸೊ ಟಿ903 ಮಾನದಂಡ ಬಂತು. ಎಂಎ ಅಂದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಸಲ್ಲುತ್ತದೆ ಎಂದರ್ಥ. 2006ರ ಪರಿಷ್ಕರಣೆಯಲ್ಲಿ ಅದನ್ನು ಎಂಎ1, ಎಂಎ2 ಎಂದು ಸೀಳಿದರು. ಎಂಎ2ರಲ್ಲಿ ಹಿಡಿತ ಇನ್ನೂ ಹೆಚ್ಚು. ಎಂಬಿ ಇರುವುದು ಬೆಲ್ಟ್ ಓಡುವ ಸ್ಕೂಟರ್‌ಗಳಿಗೆ. ಗೇರ್ ಬೈಕಿಗೆ ಅದನ್ನು ಹಾಕಬಾರದು. ಒಂದೇ ಕಂಪನಿಯ ಎರಡು ಡಬ್ಬ, ಒಂದೇ ಬಣ್ಣ, ಒಂದು ಎಂಎ ಇನ್ನೊಂದು ಎಂಬಿ ಇರುವುದುಂಟು. ಕೈಗೆ ತೆಗೆದುಕೊಂಡು ಓದಿ.

ಡಬ್ಬದ ಮೇಲಿನ ದುಂಡನೆಯ ಎಪಿಐ ಗುರುತಿನ ಕೆಳಭಾಗದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್' ಅಥವಾ 'ಎನರ್ಜಿ ಕನ್ಸರ್ವಿಂಗ್' ಎಂದಿದ್ದರೆ ಅದು ಕಾರಿನದು, ಅಲ್ಲೇ ಇಟ್ಟುಬಿಡಿ. ಅಂಥ ಕಾರು ಆಯಿಲ್‌ನಲ್ಲಿ ಇನ್ನೊಂದು ಕೊರತೆಯೂ ಇದೆ. ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಅವುಗಳಲ್ಲಿ ರಂಜಕವನ್ನು 0.08 ಶೇಕಡಾಕ್ಕಿಂತ ಹೆಚ್ಚಿಸುವಂತಿಲ್ಲ. ಜಾಸೊದಲ್ಲಿ 0.08ರಿಂದ 0.12 ಶೇಕಡಾ ಇರಲೇಬೇಕು. ಈ ರಂಜಕ ಬರುವುದು ಜಡ್‌ಡಿಡಿಪಿ ಎಂಬ ಸತುವಿನ ಸಂಯುಕ್ತದಿಂದ. ರೋಲರ್ ಇಲ್ಲದೆ ಲೋಹದ ಮೇಲೆ ಲೋಹ ಉಜ್ಜುವ ಹಳೇ ಕ್ಯಾಮ್, ರಾಕರ್‌ಗಳ ಮೈ ಕಾಯುವುದು ಇದೇ.

ಎಪಿಐ ದರ್ಜೆ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ ಇರಲಿ. ಹಳೇ ಮ್ಯಾನುಯಲ್‌ನಲ್ಲಿ ಎಸ್‌ಇ, ಎಸ್‌ಎಫ್ ಎಂದಿರುತ್ತದೆ. ಅವು ಎಂದೋ ಹೋದವು. 2001ರ ಎಸ್‌ಎಲ್, 2004ರ ಎಸ್‌ಎಂ, 2010ರ ಎಸ್‌ಎನ್ ಯಾವುದಾದರೂ ಸರಿ, ಜೊತೆಗೆ ಜಾಸೊ ಎಂಎ ಅಥವಾ ಎಂಎ2 ಇದ್ದರೆ ಸಾಕು. 'ಎಸ್‌ಎ' ಎಂದಷ್ಟೇ ಬರೆದ ಆಯಿಲ್ ಸಿಕ್ಕರೆ ಮಾತ್ರ ಹುಷಾರು. ಅದರಲ್ಲಿ ಸವೆತ ತಡೆಯುವ ರಾಸಾಯನಿಕ ಯಾವುದೂ ಇರುವುದಿಲ್ಲ. ಬಾಗಿಲ ಕೀಲಿಗೆ ಆದೀತು.

ಕ್ಲಚ್ ಜಾರುತ್ತಿದೆಯೇ ಎಂದು ನೋಡುವುದು ಹೀಗೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಖಾಲಿ ರಸ್ತೆಯಲ್ಲಿ ಕೊನೆಯ ಗೇರ್‌ನಲ್ಲಿ 45–50 ಕಿ.ಮೀ. ವೇಗದಲ್ಲಿ ಹೋಗುತ್ತ, ಸಾಧ್ಯವಾದರೆ ಸಣ್ಣ ಏರಿನಲ್ಲಿ, ಆ್ಯಕ್ಸಿಲರೇಟರ್ ಒಮ್ಮೆಲೇ ಪೂರ್ತಿ ತಿರುವಿ. ಎಂಜಿನ್ ಕೂಗು ಏರಿ ಗಾಡಿ ಅದಕ್ಕೆ ತಕ್ಕಂತೆ ಓಡದಿದ್ದರೆ ಜಾರುತ್ತಿದೆ ಎಂದರ್ಥ. ಒಂದನೇ ಎರಡನೇ ಗೇರ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಆಯಿಲ್ ಮೇಲೆ ಅಪವಾದ ಹೊರಿಸುವ ಮುಂಚೆ ಕೇಬಲ್ ನೋಡಿ: ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಸಡಿಲವೇ ಇಲ್ಲದ ಕೇಬಲ್ ಕ್ಲಚ್ಚನ್ನು ಅರ್ಧ ಒತ್ತಿಯೇ ಇಟ್ಟಿರುತ್ತದೆ. ಸ್ಪ್ರಿಂಗ್ ಕುಗ್ಗಿದ್ದರೂ ಹೀಗೇ. ಎಷ್ಟೋ ಹಳೇ ಗಾಡಿಗಳಲ್ಲಿ ಮಿನರಲ್ ಇದ್ದಾಗ ಅಂಚಿನಲ್ಲಿ ನಿಂತಿದ್ದ ಸವೆದ ಪ್ಲೇಟು ಸಿಂಥೆಟಿಕ್ ಹಾಕಿದ ದಿನ ಜಾರುತ್ತದೆ, ಅಷ್ಟೇ. ತಪ್ಪು ಆಯಿಲ್ ಹಾಕಿ ಜಾರಿದ್ದೇ ನಿಜವಾದರೆ ಎಂಎ2 ಆಯಿಲ್ ತುಂಬಿ 200 ಕಿ.ಮೀ. ಓಡಿಸಿ ಬಸಿದು, ಮತ್ತೊಮ್ಮೆ ಎಂಎ2 ತುಂಬಿ. ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಮರಳದಿದ್ದರೆ ಕಾರ್ಕ್ ಪ್ಲೇಟು ಬದಲಿಸಿ, ಸ್ಟೀಲ್ ಪ್ಲೇಟುಗಳ ಕನ್ನಡಿ ಹೊಳಪನ್ನು ಎಮರಿ ಕಾಗದದಿಂದ ತೆಗೆಯಿರಿ. ಹೊಸ ಕಾರ್ಕ್ ಪ್ಲೇಟು ಕೂರಿಸುವ ಮುಂಚೆ ಅದೇ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಯಬೇಕು. ಒಣ ಪ್ಲೇಟು ಮೊದಲ ದಿನವೇ ಸುಡುತ್ತದೆ.

ಗೇರ್ ಹಲ್ಲು ಆಯಿಲನ್ನು ಅರೆಯುತ್ತದೆ

ಸಿಂಥೆಟಿಕ್‌ಗೆ ನಿಜವಾದ ಗೆಲುವು ಇರುವುದು ಇಲ್ಲಿ. 20ಡಬ್ಲ್ಯೂ ಆಯಿಲ್ ಬಿಸಿಯಲ್ಲಿ 50ರಂತೆ ನಿಲ್ಲಬೇಕಾದರೆ ಅದರಲ್ಲಿ ಉದ್ದನೆಯ ಪಾಲಿಮರ್ ಎಳೆಗಳನ್ನು ಬೆರೆಸಿರುತ್ತಾರೆ. ಬಿಸಿಯಾದಾಗ ಅವು ಬಿಚ್ಚಿಕೊಂಡು ಆಯಿಲ್ ಪೂರ್ತಿ ನೀರಾಗದಂತೆ ತಡೆಯುತ್ತವೆ. ಗೇರ್‌ಬಾಕ್ಸ್‌ನ ಹಲ್ಲುಗಳ ನಡುವೆ ಸಿಕ್ಕ ಈ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೆಲವೇ ಸಾವಿರ ಕಿ.ಮೀ.ಗಳಲ್ಲಿ 50 ಗ್ರೇಡ್ ಹೆಸರಿಗೆ ಮಾತ್ರ ಉಳಿದು ಒಳಗಿರುವುದು 40. ಜಾಸೊ ಮಾನದಂಡವೇ ಇದನ್ನು ಒಪ್ಪಿಕೊಂಡಿದೆ: ಅರೆಯುವ ಪರೀಕ್ಷೆಯ ನಂತರ 50 ಗ್ರೇಡ್ ಆಯಿಲ್ 15 ಸೆಂಟಿಸ್ಟೋಕ್ಸ್ ಉಳಿಸಿಕೊಂಡರೆ ಪಾಸು. ಹೊಸದಾಗಿ 16.3 ಇರಬೇಕಾದದ್ದು ಇದೇ ಆಯಿಲ್.

ಒಳ್ಳೆಯ ಸಿಂಥೆಟಿಕ್ ಬುನಾದಿ ಬಿಸಿಯಲ್ಲಿ ತಾನೇ ಅಷ್ಟಾಗಿ ತೆಳುವಾಗುವುದಿಲ್ಲ. ಪಾಲಿಮರ್ ಕಡಿಮೆ ಸಾಕು, ಅರೆಯಲು ಸಿಗುವುದೂ ಕಡಿಮೆ. ಇದು ಕಾಲಿಗೇ ಗೊತ್ತಾಗುತ್ತದೆ. ಆಯಿಲ್ ಬದಲಿಸಿದ ವಾರದಲ್ಲಿ ಬೆಣ್ಣೆಯಂತೆ ಬೀಳುತ್ತಿದ್ದ ಗೇರ್, ಮಿನರಲ್‌ನಲ್ಲಿ 1,500–2,000 ಕಿ.ಮೀ. ಆಗುವಷ್ಟರಲ್ಲಿ ಕಚ್ಚತೊಡಗುತ್ತದೆ, ಬಿಸಿಯಾದಾಗ ನ್ಯೂಟ್ರಲ್ ಸಿಗುವುದಿಲ್ಲ, ಎರಡರಿಂದ ಮೂರಕ್ಕೆ ಹೋಗುವಾಗ ನಡುವೆ ಖಾಲಿ ಬೀಳುತ್ತದೆ. ಸಿಂಥೆಟಿಕ್‌ನಲ್ಲಿ ಇದೇ ಬದಲಾವಣೆ ಬಹಳ ತಡವಾಗಿ ಬರುತ್ತದೆ.

ಗೇರ್‌ಬಾಕ್ಸ್‌ಗೆ ಬೇರೆಯೇ ಆಯಿಲ್ ಇರುವ ಹಳೇ ಎಂಜಿನ್‌ಗಳಲ್ಲಿ, ಉದಾಹರಣೆಗೆ ಹಳೇ ಬ್ರಿಟಿಷ್ ವಿನ್ಯಾಸದವು ಮತ್ತು ಎರಕದ ಕಬ್ಬಿಣದ ಎಂಜಿನ್‌ನ ಬುಲೆಟ್, ಈ ಲಾಭ ಬಹುಪಾಲು ಇಲ್ಲ. ಅಲ್ಲಿ 20ಡಬ್ಲ್ಯೂ-50 ಮಿನರಲ್ ಬಿಟ್ಟು ಬೇರೆ ಯೋಚಿಸಲು ಕಾರಣವೇ ಕಡಿಮೆ.

ಬಿಸಿಯ ವಿಷಯದಲ್ಲೂ ಸಿಂಥೆಟಿಕ್ ಮುಂದೆ. ಟ್ರಾಫಿಕ್‌ನಲ್ಲಿ ಗಾಳಿ ಸಿಗದೆ ನಿಂತ ಎಂಜಿನ್‌ನ ಆಯಿಲ್ 120 ಡಿಗ್ರಿ ದಾಟಬಹುದು. ಪ್ರತಿ 10 ಡಿಗ್ರಿಗೆ ಆಯಿಲ್ ಕೆಡುವ ವೇಗ ಸರಿಸುಮಾರು ದುಪ್ಪಟ್ಟು ಎಂದು ಲೆಕ್ಕ ಹಿಡಿಯಬಹುದು. ಆವಿಯಾಗಿ ಹೋಗುವುದೂ ಇದೆ: 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸುವ ಪರೀಕ್ಷೆಯಲ್ಲಿ 20 ಶೇಕಡಾವರೆಗೂ ಜಾಸೊ ಒಪ್ಪುತ್ತದೆ. ಪಿಎಒ ಆಯಿಲ್‌ಗಳಲ್ಲಿ ಇದು ಸಾಮಾನ್ಯವಾಗಿ ಹತ್ತರೊಳಗೆ. ಒಂದು ಲೀಟರ್ ಮಾತ್ರ ಹಿಡಿಯುವ ಎಂಜಿನ್‌ನಲ್ಲಿ ನೂರು ಮಿ.ಲೀ. ವ್ಯತ್ಯಾಸ ಸಣ್ಣದಲ್ಲ.

ಸೋರಿಕೆ

ಸಿಂಥೆಟಿಕ್ ಹಾಕಿದರೆ ಸೀಲ್ ಸೋರುತ್ತದೆ ಎಂಬ ದೂರಿಗೆ ಒಂದು ಇತಿಹಾಸವಿದೆ. ಮಿನರಲ್ ಆಯಿಲ್‌ನಲ್ಲಿನ ಕೆಲವು ಅಂಶಗಳು ಸೀಲ್‌ನ ನೈಟ್ರೈಲ್ ರಬ್ಬರನ್ನು ತುಸು ಊದಿಸುತ್ತವೆ. ಬರೀ ಪಿಎಒ ಊದಿಸುವುದಿಲ್ಲ, ಕುಗ್ಗಿಸುತ್ತದೆ. ಮೊದಮೊದಲ ಸಿಂಥೆಟಿಕ್‌ಗಳಲ್ಲಿ ಇದರಿಂದ ಸೋರಿದ್ದು ನಿಜ. ಈಗ ಎಸ್ಟರ್ ಬೆರೆಸಿ ಸರಿದೂಗಿಸುತ್ತಾರೆ. ಇಂದು ಸೋರಿದರೆ ಕಾರಣ ಸೀಲ್‌ನ ವಯಸ್ಸು. ಇಪ್ಪತ್ತೈದು ವರ್ಷದ ಸೀಲ್ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿರುತ್ತದೆ, ಅದರ ತುಟಿಯ ಸಂದಿನಲ್ಲಿ ಕಟ್ಟಿಕೊಂಡ ಮಡ್ಡಿಯೇ ಆಯಿಲನ್ನು ತಡೆದಿರುತ್ತದೆ. ಹೊಸ ಆಯಿಲ್‌ನ ಡಿಟರ್ಜೆಂಟ್ ಆ ಮಡ್ಡಿಯನ್ನು ತೊಳೆದಾಗ ತೂತು ಬಯಲಾಗುತ್ತದೆ. ಹೊಸ ಮಿನರಲ್ ಆಯಿಲ್‌ನಲ್ಲೂ ಡಿಟರ್ಜೆಂಟ್ ಇದ್ದೇ ಇದೆ, ಅದೂ ಇದೇ ಕೆಲಸ ಮಾಡೀತು.

ಎಲ್ಲಿಂದ ಸೋರುತ್ತಿದೆ ಎಂದು ಕಂಡುಹಿಡಿಯಲು ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ, ಬ್ರಷ್ ಹಿಡಿದು ಹೊರಮೈಯನ್ನು ತೊಳೆದು ಚಿಂದಿಯಿಂದ ಒಣಗಿಸಿ. ಸೀಮೆಎಣ್ಣೆಯ ವಾಸನೆ ಪೂರ್ತಿ ಹೋಗುವವರೆಗೆ ಬಿಡಿ. ಮುಂದಿನ ಸ್ಪ್ರಾಕೆಟ್ ಶಾಫ್ಟ್, ಗೇರ್ ಶಾಫ್ಟ್, ಕಿಕ್ ಶಾಫ್ಟ್, ಟ್ಯಾಪೆಟ್ ಕವರ್, ಹೆಡ್ ಗ್ಯಾಸ್ಕೆಟ್ ಸುತ್ತ ಟಾಲ್ಕಂ ಪೌಡರ್ ಚಿಮುಕಿಸಿ 10–15 ಕಿ.ಮೀ. ಓಡಿಸಿ ಬನ್ನಿ. ಬಿಳಿ ಪುಡಿಯ ಮೇಲೆ ಕಂದು ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರಿಕೆ. ಆಯಿಲ್ ಕೆಳಕ್ಕೂ ಹಿಂದಕ್ಕೂ ಹರಿಯುತ್ತದೆ, ಹಾಗಾಗಿ ಗೆರೆ ಮುಗಿಯುವ ಕಡೆಯಲ್ಲ, ಶುರುವಾಗುವ ಕಡೆ ನೋಡಿ. ಗೇರ್ ಶಾಫ್ಟ್ ಮತ್ತು ಸ್ಪ್ರಾಕೆಟ್ ಶಾಫ್ಟ್ ಸೀಲ್‌ಗಳು ಬಹಳಷ್ಟು ಗಾಡಿಗಳಲ್ಲಿ ಎಂಜಿನ್ ಬಿಚ್ಚದೆಯೇ ಹೊರಗಿನಿಂದ ಬರುತ್ತವೆ. ಸಿಂಥೆಟಿಕ್‌ಗೆ ಹೋಗುವ ಮುಂಚೆ ಅವನ್ನು ಬದಲಿಸಿಬಿಡುವುದು ಜಾಣತನ.

ಹೊಗೆ ಮಾತ್ರ ಬೇರೆ ಲೆಕ್ಕ. ರಾತ್ರಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಮುಷ್ಟಿ ನೀಲಿ ಹೊಗೆ ಬಂದು ನಿಂತರೆ, ಅಥವಾ ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಬಂದರೆ ವಾಲ್ವ್ ಗೈಡ್ ಅಥವಾ ಅದರ ಸೀಲ್. ಎಳೆಯುವಾಗ ಸತತ ಹೊಗೆ ಬಂದರೆ ರಿಂಗ್, ಬೋರ್. 1,000 ಕಿ.ಮೀ.ಗೆ 200 ಮಿ.ಲೀ. ಕುಡಿಯುವ ಎಂಜಿನ್‌ಗೆ ಸಿಂಥೆಟಿಕ್ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ರಿಪೇರಿ ಆಗುವವರೆಗೂ 20ಡಬ್ಲ್ಯೂ-50 ಮಿನರಲ್ ಹಾಕಿ, 500 ಕಿ.ಮೀ.ಗೊಮ್ಮೆ ಮಟ್ಟ ನೋಡುತ್ತಿರಿ.

ಡಬ್ಬಗಳ ಮೇಲೆ ಒಂದಿಷ್ಟು ತೀರ್ಪು

ಮೋಟುಲ್ 3000 ಸಾಲಿನ 20ಡಬ್ಲ್ಯೂ-50, ಶೆಲ್ ಅಡ್ವಾನ್ಸ್ ಎಎಕ್ಸ್5: ಇವು ಮಿನರಲ್. 50 ಕೇಳುವ ಎಂಜಿನ್‌ಗೆ ಮೊದಲನೆಯದು. ಎಎಕ್ಸ್5 ತೆಗೆದುಕೊಳ್ಳುವಾಗ ಗ್ರೇಡ್ ನೋಡಿ, ಒಂದಕ್ಕಿಂತ ಹೆಚ್ಚು ಗ್ರೇಡಿನಲ್ಲಿ ಬರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿ.ಮೀ. ಓಡುವ, ಹೆಚ್ಚಾಗಿ ಹತ್ತಿರದ ಓಡಾಟದ ಗಾಡಿಗೆ ಇದಕ್ಕಿಂತ ಹೆಚ್ಚಿನದು ಬೇಡ. 2,000ದಿಂದ 2,500 ಕಿ.ಮೀ.ಗೆ ಬದಲಿಸಿ.

ಮೋಟುಲ್ 5100ರ 15ಡಬ್ಲ್ಯೂ-50, ಶೆಲ್ ಅಡ್ವಾನ್ಸ್ ಎಎಕ್ಸ್7: ಸೆಮಿ ಸಾಲು. ಸೆಮಿ ಬಗ್ಗೆ ಮೇಲೆ ಹೇಳಿದ ಅನುಮಾನ ಇದ್ದರೂ, 15ಡಬ್ಲ್ಯೂ-50 ಗ್ರೇಡ್ ಹಳೇ ಎಂಜಿನ್‌ಗೆ ಹೇಳಿ ಮಾಡಿಸಿದ್ದು: ಬಿಸಿಯಲ್ಲಿ 50, ಬೆಳಗಿನ ಸ್ಟಾರ್ಟಿನಲ್ಲಿ 20ಡಬ್ಲ್ಯೂಗಿಂತ ಹಗುರ. 5100ರಲ್ಲಿ ಎಸ್ಟರ್ ಇರುವುದೂ ಒಂದು ಗುಣ. ನಿತ್ಯ ಓಡುವ, ಸದೃಢ ಎಂಜಿನ್‌ಗೆ ಒಂದೇ ಆಯಿಲ್ ಹೇಳಿ ಅಂದರೆ ಹೇಳುವುದು ಇದನ್ನೇ. ಬದಲಾವಣೆ 3,000–3,500 ಕಿ.ಮೀ.ಗೆ, ಕಾಗದದ ಫಿಲ್ಟರ್ ಇಲ್ಲದಿದ್ದರೆ 3,000ದೊಳಗೆ.

ಮೋಟುಲ್ 7100: ಪೂರ್ತಿ ಸಿಂಥೆಟಿಕ್, ಎಸ್ಟರ್ ಸಹಿತ. ಹಳೇ ಗಾಡಿಯವರಿಗೆ ಇದರ ದೊಡ್ಡ ಗುಣ ಗ್ರೇಡಿನ ಆಯ್ಕೆ. 10ಡಬ್ಲ್ಯೂ-50 ಇದೆ, 20ಡಬ್ಲ್ಯೂ-50 ಕೂಡ ಇದೆ; ಸಿಂಥೆಟಿಕ್‌ಗೆ ಹೋಗಲು ಗ್ರೇಡ್ ಬಿಟ್ಟುಕೊಡಬೇಕಿಲ್ಲ. ಬೋರ್ ಮಾಡಿಸಿ ಸರಿಯಾಗಿ ಪಳಗಿದ, ಸೀಲ್‌ಗಳು ಹೊಸದಾದ, ಉದ್ದ ಪ್ರಯಾಣ ಅಥವಾ ಸುಡು ಟ್ರಾಫಿಕ್ ಕಾಣುವ ಎಂಜಿನ್‌ಗೆ ಇದು ಸಾರ್ಥಕ.

ಶೆಲ್ ರೊಟೆಲ್ಲಾ ಟಿ6ನ 5ಡಬ್ಲ್ಯೂ-40 ಲಾರಿಗಳ ಡೀಸೆಲ್ ಆಯಿಲ್. ಆದರೂ ಬೈಕಿನವರಲ್ಲಿ ಹೆಸರು ಮಾಡಿದೆ, ಡಬ್ಬದ ಮೇಲೆ ಜಾಸೊ ಎಂಎ ಉಲ್ಲೇಖವೂ ಇದೆ. 40 ಕೇಳುವ ಎಂಜಿನ್‌ಗೆ ಆದೀತು, 50 ಕೇಳುವುದಕ್ಕೆ ಬೇಡ. ಇದನ್ನು ನೋಡಿ ಸಿಕ್ಕ ಡೀಸೆಲ್ ಆಯಿಲ್ ಸುರಿಯಬೇಡಿ. ಜಾಸೊ ಉಲ್ಲೇಖ ಇದೆಯೇ ನೋಡಿ.

ಎಷ್ಟು ಕಿ.ಮೀ.ಗೆ ಬದಲಿಸಬೇಕು ಅನ್ನುವುದರಲ್ಲಿ ಸಿಂಥೆಟಿಕ್‌ನ ಹೆಗ್ಗಳಿಕೆಗೆ ಹಳೇ ಎಂಜಿನ್ ಕತ್ತರಿ ಹಾಕುತ್ತದೆ. ಎಷ್ಟೋ ಹಳೇ ಗಾಡಿಗಳಲ್ಲಿ ಕಾಗದದ ಫಿಲ್ಟರ್ ಇಲ್ಲ, ಇರುವುದು ತಂತಿ ಜಾಲರಿ ಮತ್ತು ಕ್ರ್ಯಾಂಕ್ ತುದಿಯಲ್ಲಿ ತಿರುಗುತ್ತ ಕೊಳೆಯನ್ನು ಗೋಡೆಗೆ ಎಸೆಯುವ ರೋಟರ್. ಜೊತೆಗೆ ಕಾರ್ಬ್ಯುರೇಟರ್‌ನ ಹೆಚ್ಚುವರಿ ಪೆಟ್ರೋಲ್, ಹತ್ತಿರದ ಓಡಾಟದಲ್ಲಿ ಆವಿಯಾಗದೆ ಉಳಿದ ನೀರು. ಬುನಾದಿ ಆಯಿಲ್ ಇನ್ನೂ ಗಟ್ಟಿಮುಟ್ಟಾಗಿದ್ದರೂ ಅದರಲ್ಲಿ ಕೊಳೆ ತುಂಬಿರುತ್ತದೆ. ಫಿಲ್ಟರ್ ಇಲ್ಲದ ಎಂಜಿನ್‌ನಲ್ಲಿ ಸಿಂಥೆಟಿಕ್ಕನ್ನೂ 3,000 ದಾಟಿಸಬೇಡಿ, ಇದ್ದರೆ 5,000. ಕಿ.ಮೀ. ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಫಿಲ್ಲರ್ ಮುಚ್ಚಳದ ಒಳಗೆ ಹಾಲುಬಣ್ಣದ ನೊರೆ ಕಟ್ಟಿದ್ದರೆ ನೀರು ಸೇರಿದೆ, ವರ್ಷ ಕಾಯಬೇಡಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗಿ ಏರಿ ಪೆಟ್ರೋಲ್ ವಾಸನೆ ಹೊಡೆದರೆ ಕಾರ್ಬ್ಯುರೇಟರ್‌ನ ನೀಡಲ್ ವಾಲ್ವ್ ಬಿಟ್ಟಿದೆ. ಆಗ ಗಾಡಿ ಓಡಿಸದೆ ಮೊದಲು ಅದನ್ನು ಸರಿಮಾಡಿ ಆಯಿಲ್ ಬದಲಿಸಿ.

ಬದಲಿಸುವ ಕೆಲಸ

ಮಿನರಲ್‌ನಿಂದ ಸಿಂಥೆಟಿಕ್‌ಗೆ ಹೋಗಲು ಎಂಜಿನ್ 'ಫ್ಲಷ್' ಮಾಡಬೇಕಿಲ್ಲ. ಎರಡೂ ಸಲೀಸಾಗಿ ಬೆರೆಯುತ್ತವೆ, ಹಳೆಯದು 50–100 ಮಿ.ಲೀ. ಒಳಗೆ ಉಳಿದರೂ ಏನೂ ಆಗದು. (ಬೆರೆಯದೆ ಇರುವುದು ರೇಸಿನವರ ಹರಳೆಣ್ಣೆ ಮೂಲದ ಆಯಿಲ್. ಅದು ಹಾಕಿದ್ದ ಎಂಜಿನ್ ಆದರೆ ಪೂರ್ತಿ ಬಿಚ್ಚಿ ತೊಳೆಯಬೇಕು.) ಡೀಸೆಲ್, ಸೀಮೆಎಣ್ಣೆ ತುಂಬಿ ಎಂಜಿನ್ ಓಡಿಸಿ ತೊಳೆಯುವ ಪದ್ಧತಿ ಕೆಟ್ಟದ್ದು. ಬೇರಿಂಗ್ ಒಣಗುತ್ತದೆ, ಒಡೆದ ಮಡ್ಡಿಯ ತುಂಡು ಜಾಲರಿಗೆ ಹೋಗಿ ಮೆತ್ತುತ್ತದೆ. ಬಹಳ ಮಡ್ಡಿ ಕಟ್ಟಿದ ಎಂಜಿನ್ ಎಂದು ಅನುಮಾನವಿದ್ದರೆ ಎರಡು ಸಲ ಮಿನರಲ್ ಆಯಿಲನ್ನು 500 ಕಿ.ಮೀ.ಗೆ ಬದಲಿಸಿ, ಪ್ರತಿ ಸಲ ಜಾಲರಿ ತೊಳೆದು, ಆಮೇಲೆ ಸಿಂಥೆಟಿಕ್ ಯೋಚಿಸಿ. ಹೊಸ ಬೋರ್, ರಿಂಗ್ ಹಾಕಿದ ಎಂಜಿನ್‌ಗೂ ಮೊದಲು ಮಿನರಲ್ಲೇ: 50–100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ, 1,500ಕ್ಕೆ ಒಮ್ಮೆ ಬದಲಿಸಿದ ನಂತರ ಬೇಕಾದ್ದು ಹಾಕಿಕೊಳ್ಳಿ.

ಎಂಜಿನ್ ಐದು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಫಿಲ್ಲರ್ ಮುಚ್ಚಳ ತೆಗೆದು ಆಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ. ಇಪ್ಪತ್ತು ನಿಮಿಷ ಬಸಿಯಲಿ, ಅವಸರ ಬೇಡ. ಬಿದ್ದ ಆಯಿಲನ್ನು ಬಿಳಿ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡಿ. ಮಸಿ ಕಪ್ಪು ಸಹಜ. ಆಯಸ್ಕಾಂತಕ್ಕೆ ಅಂಟುವ ಚೂರುಗಳು ಗೇರ್ ಅಥವಾ ಕ್ಯಾಮ್‌ನವು, ಅಂಟದ ಬೆಳ್ಳಿ ಮಿನುಗು ಪಿಸ್ಟನ್ ಅಥವಾ ಕೇಸಿನದು, ತಾಮ್ರದ ಬಣ್ಣ ಬುಷ್‌ನದು. ಅಕ್ಕಿ ನುಚ್ಚಿನಷ್ಟು ದಪ್ಪದ ಚೂರು ಸಿಕ್ಕರೆ ಆಯಿಲ್ ಯಾವುದು ಎಂಬ ಚರ್ಚೆ ಬಿಟ್ಟು ಎಂಜಿನ್ ಬಿಚ್ಚಿಸಿ.

ಜಾಲರಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ರೋಟರ್ ಇರುವ ಗಾಡಿಯಲ್ಲಿ ಕ್ಲಚ್ ಬದಿಯ ಕವರ್ ತೆಗೆದು ಅದರೊಳಗಿನ ಬೂದುಬಣ್ಣದ ಗಸಿಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಬೇಕು. ಇದನ್ನು ಹತ್ತು ಹದಿನೈದು ಸಾವಿರ ಕಿ.ಮೀ.ಗೊಮ್ಮೆ ಮಾಡಿದರೂ ಸಾಕು, ಆದರೆ ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಕವರ್ ಗ್ಯಾಸ್ಕೆಟ್ ಹೊಸದು ಇಟ್ಟುಕೊಂಡೇ ಬಿಚ್ಚಿ. ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್. ಹಳೇ ಅಲ್ಯೂಮಿನಿಯಂ ಕೇಸಿನ ಮರೆ (ತಿರುಪಿನ ಗೆರೆ) ಬೇಗ ಹೋಗುತ್ತದೆ: ಕೈಯಿಂದ ಪೂರ್ತಿ ತಿರುಗಿಸಿ ಕೂರಿಸಿ, ಮ್ಯಾನುಯಲ್ ಹೇಳಿದ ಬಿಗಿತಕ್ಕೆ ನಿಲ್ಲಿಸಿ. 12 ಮಿ.ಮೀ. ಬೋಲ್ಟಿಗೆ ಅದು ಸಾಮಾನ್ಯವಾಗಿ 20–30 ನ್ಯೂಟನ್ ಮೀಟರ್. ಉದ್ದದ ಪಾನಾ ಹಿಡಿದು ನೇತಾಡಿದರೆ ಮುಂದಿನ ಖರ್ಚು ಕೇಸ್ ರಿಪೇರಿ.

ಮ್ಯಾನುಯಲ್ ಹೇಳಿದ ಅಳತೆಗಿಂತ 100 ಮಿ.ಲೀ. ಕಡಿಮೆ ಸುರಿದು, ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ನಿಲ್ಲಿಸಿ ಮೂರು ನಿಮಿಷ ಕಾದು, ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ತುಂಬಿ. ಡಿಪ್‌ಸ್ಟಿಕ್ ಒರೆಸಿ ಸುಮ್ಮನೆ ಇಳಿಸಿ ನೋಡಬೇಕೋ, ಮರೆ ತಿರುಗಿಸಿ ನೋಡಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ತಪ್ಪು ರೀತಿಯಲ್ಲಿ ನೋಡಿದರೆ ಮಟ್ಟದ ಲೆಕ್ಕವೇ ತಪ್ಪುತ್ತದೆ. ಮೇಲ್ಗೆರೆ ದಾಟಿ ತುಂಬಿದರೆ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು) ಆಯಿಲ್ ಏರ್ ಫಿಲ್ಟರ್‌ಗೆ ಉಗುಳುತ್ತದೆ. ಬಸಿದ ಆಯಿಲನ್ನು ಅದೇ ಖಾಲಿ ಡಬ್ಬಕ್ಕೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಮೋರಿಗೆ ಬೇಡ.

ಆಯಿಲ್ ಟ್ಯಾಂಕ್ ಬೇರೆ ಇರುವ ಡ್ರೈ ಸಂಪ್ ಗಾಡಿಗಳಲ್ಲಿ ಇದಿಷ್ಟೂ ತಿರುವುಮುರುವು. ಅಲ್ಲಿ ಮಟ್ಟ ನೋಡುವುದು ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕಿನ ಆಯಿಲ್ ಪಂಪ್ ದಾಟಿ ನಿಧಾನಕ್ಕೆ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ, ತೆಳು ಗ್ರೇಡ್ ಆದರೆ ಇನ್ನೂ ಬೇಗ. ಆಗ ಟ್ಯಾಂಕ್ ಖಾಲಿ ಕಂಡಿತೆಂದು ಮೇಲೆ ಒಂದು ಲೀಟರ್ ಸುರಿದು ಸ್ಟಾರ್ಟ್ ಮಾಡಿದರೆ, ಪಂಪ್ ಕೆಳಗಿನದನ್ನು ಮೇಲೆತ್ತಿ ಹೊಸ ಆಯಿಲ್ ಟ್ಯಾಂಕಿನ ಬ್ರೀದರ್‌ನಿಂದ ಹಿಂದಿನ ಟೈರ್ ಮೇಲೆ ಸುರಿಯುತ್ತದೆ.